ಅಜ್ಜನ ಕಾಲದ ಪ್ಲೇಟಿಗೆ ಈಗಿನ ಟರ್ನ್‌ಟೇಬಲ್: ಆಡಿಯೋ-ಟೆಕ್ನಿಕಾ ಎಲ್‌ಪಿ120 ಮತ್ತು ಒಂದು ಸೂಜಿಯ ವಿಷಯ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಳೆಯ ಗ್ರಾಮಫೋನ್ ಪ್ಲೇಟುಗಳಿದ್ದು, ಅವನ್ನು ಈಗಿನ ಮಷಿನ್ ಮೇಲೆ ಹಾಕಿ ಕೇಳಬೇಕು ಅಂತಿದ್ದರೆ ಆಡಿಯೋ-ಟೆಕ್ನಿಕಾದ ಎಟಿ-ಎಲ್‌ಪಿ120ಎಕ್ಸ್‌ಯುಎಸ್‌ಬಿ ಟರ್ನ್‌ಟೇಬಲ್ (ಪ್ಲೇಟು ತಿರುಗಿಸಿ ಹಾಡಿಸುವ ಮಷಿನ್) ಧೈರ್ಯವಾಗಿ ತಗೊಳ್ಳಿ. ಆದರೆ ಅದೊಂದನ್ನೇ ತಗೊಂಡರೆ ಸಾಲುವುದಿಲ್ಲ. ಜೊತೆಗೆ 78ರ ಸೂಜಿ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಆ ಹಳೆ ಪ್ಲೇಟುಗಳಿಗೆಂದೇ ಇರುವ ಸೂಜಿ, ಬೇಕೇ ಬೇಕು. ಈ ಎರಡನೇ ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆ ಮನೆಗಳ ನಾಗಂದಿಗೆ ಮೇಲೆ ಈ ಪ್ಲೇಟುಗಳು ಇನ್ನೂ ಸಿಗುತ್ತವೆ. ಅಡಿಕೆ ಒಳ್ಳೆ ರೇಟಿಗೆ ಹೋದ ವರ್ಷ ಹುಬ್ಬಳ್ಳಿಗೆ ಹೋಗಿ ಗ್ರಾಮಫೋನ್ ತಂದ ಮನೆಗಳಿವು. ನಾನು ನೋಡಿದ ಮಟ್ಟಿಗೆ ಘಟ್ಟದ ಮೇಲೆ ಹಿಂದೂಸ್ತಾನಿ ಜಾಸ್ತಿ: ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನ್ಸೂರ್. ಕಾರವಾರ, ಅಂಕೋಲಾ ಕಡೆ ಹೋದರೆ ಮರಾಠಿ ನಾಟ್ಯಗೀತೆ, ಅದರಲ್ಲೂ ಬಾಲಗಂಧರ್ವರದ್ದು. ನಡುನಡುವೆ ಕಾಳಿಂಗರಾಯರ ಭಾವಗೀತೆ. ನಾಯಿ ಮಾರ್ಕಿನ ಎಚ್‌ಎಂವಿ ಪ್ಲೇಟಂತೂ ಎಲ್ಲಾ ಕಡೆ ಇದ್ದೇ ಇರುತ್ತದೆ. ಗ್ರಾಮಫೋನ್ ಹಾಳಾಗಿ ಎಷ್ಟೋ ಕಾಲವಾಗಿದ್ದರೂ ಪ್ಲೇಟು ಬಿಸಾಡಲು ಯಾರಿಗೂ ಮನಸ್ಸು ಬಂದಿಲ್ಲ. ಈಗ ಅವನ್ನು ಕೇಳುವುದು ಹೇಗೆ, ಪ್ರಶ್ನೆ ಅಷ್ಟೇ.

ಸೂಜಿಯಿಂದಲೇ ಶುರು ಮಾಡೋಣ, ಯಾಕೆಂದರೆ ಎಲ್ಲಾ ಇರುವುದು ಅಲ್ಲೇ. 78ರ ಪ್ಲೇಟಿನ ಗೆರೆ ಅಗಲ. ಅದಕ್ಕೆ ಬೇಕಾದ ಸೂಜಿಯ ತುದಿ ಸುಮಾರು 3 ಮಿಲ್, ಅಂದರೆ ಇಂಚಿನ ಸಾವಿರದಲ್ಲಿ ಮೂರು ಭಾಗ, ಸುಮಾರು 76 ಮೈಕ್ರಾನ್. ಆಮೇಲೆ ಬಂದ, ನಿಧಾನ ತಿರುಗುವ ಎಲ್‌ಪಿ ಪ್ಲೇಟಿನ ಗೆರೆ ತೀರಾ ಸಣ್ಣದು, ಅದರ ಸೂಜಿಗೆ 0.7 ಮಿಲ್ ಸಾಕು. ಎಲ್‌ಪಿ120ರ ಜೊತೆ ಬರುವುದು ವಿಎಂ95ಇ ಕಾರ್ಟ್ರಿಡ್ಜ್ (ಸೂಜಿ ಸಿಕ್ಕಿಸುವ ಪುಟ್ಟ ಭಾಗ), ಅದರಲ್ಲಿರುವುದು ಎಲ್‌ಪಿ ಸೂಜಿ. ಅದನ್ನೇ 78ರ ಪ್ಲೇಟಿನ ಮೇಲೆ ಇಟ್ಟರೆ ಗೆರೆಯ ಎರಡು ಗೋಡೆಗಳಿಗೆ ಸರಿಯಾಗಿ ಒರಗದೆ, ತಳದಲ್ಲಿ ಕಸ ಕೆದಕುತ್ತಾ ಹೋಗುತ್ತದೆ. ಕೇಳುವುದು ಬರೀ ಚರಚರ. ಹಾಡು ಎಲ್ಲೋ ಹಿಂದೆ. ಎಷ್ಟೋ ಜನ ಇದನ್ನು ಕೇಳಿ "ಪ್ಲೇಟು ಹಾಳಾಗಿದೆ" ಅಂತ ಮತ್ತೆ ಮೇಲಿಟ್ಟುಬಿಡುತ್ತಾರೆ. ಪ್ಲೇಟು ಹಾಳಾಗಿಲ್ಲ, ಸೂಜಿ ಅದರದ್ದಲ್ಲ.

ಪರಿಹಾರ ಸುಲಭ. ಅದೇ ವಿಎಂ95 ಸಾಲಿನಲ್ಲಿ ಎಸ್‌ಪಿ ಅನ್ನುವ 3 ಮಿಲ್ ಸೂಜಿ ಬರುತ್ತದೆ, 78ಕ್ಕೆಂದೇ ಮಾಡಿದ್ದು. ಕಾರ್ಟ್ರಿಡ್ಜ್ ಬದಲಿಸಬೇಕಿಲ್ಲ. ಇ ಸೂಜಿಯನ್ನು ಮೆಲ್ಲಗೆ ಎಳೆದು ತೆಗೆದು ಎಸ್‌ಪಿ ಸೂಜಿ ಹಾಕಿದರೆ ಆಯಿತು. ಸ್ಕ್ರೂಡ್ರೈವರ್ ಬೇಡ. ಸೂಜಿ ಪ್ಲೇಟನ್ನು ಒತ್ತುವ ಭಾರ ಮಾತ್ರ ಬೇರೆ ಇಡಬೇಕು. ಇ ಸೂಜಿಗೆ 2 ಗ್ರಾಂ ಸರಿ, ಎಸ್‌ಪಿಗೆ ಅದರ ಜೊತೆ ಬರುವ ಕಾಗದದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇಡಿ, ಅಂದಾಜಿಗೆ ಇಡಬೇಡಿ. ಭಾರ ಕಮ್ಮಿ ಮಾಡಿದರೆ ಪ್ಲೇಟಿಗೆ ಒಳ್ಳೆಯದು ಅಂತ ಕೆಲವರು ಅಂದುಕೊಳ್ಳುತ್ತಾರೆ, ಹಾಗೇನಿಲ್ಲ. ಭಾರ ಸಾಲದ ಸೂಜಿ ಗೆರೆಯೊಳಗೆ ಕುಣಿಯುತ್ತದೆ, ಕುಣಿದಾಗಲೇ ಜಾಸ್ತಿ ಸವೆತ.

ಹಳೇ ಕೀಲಿ ಗ್ರಾಮಫೋನಿನ ಸೌಂಡ್‌ಬಾಕ್ಸ್ (ಸೂಜಿ ಹಿಡಿದು ಸದ್ದು ಹೊರಡಿಸುವ ಭಾಗ) ಪ್ಲೇಟಿನ ಮೇಲೆ ನೂರು ಗ್ರಾಂ ಆಸುಪಾಸು ಭಾರ ಹಾಕುತ್ತಿತ್ತು, ಅದೂ ಉಕ್ಕಿನ ಸೂಜಿಯಲ್ಲಿ. ಆ ಪ್ಲೇಟು ಮಾಡುತ್ತಿದ್ದದ್ದು ಅರಗಿನಿಂದ, ಅದಕ್ಕೆ ಕಲ್ಲಿನ ಪುಡಿಯಂಥ ಗಟ್ಟಿ ಪದಾರ್ಥ ಬೆರೆಸಿರುತ್ತಿದ್ದರು. ಆ ಪುಡಿ ಸೂಜಿಯನ್ನು ಉಜ್ಜಿ ಗೆರೆಯ ಆಕಾರಕ್ಕೆ ತರಬೇಕು ಅನ್ನುವುದೂ ಲೆಕ್ಕದಲ್ಲೇ ಇತ್ತು. ಅದಕ್ಕೇ ಒಂದೊಂದು ಬದಿ ಮುಗಿದ ಮೇಲೂ ಹೊಸ ಸೂಜಿ ಹಾಕಬೇಕಿತ್ತು. ಸೂಜಿ ಉಳಿಸೋಣ ಅಂತ ಒಂದರಲ್ಲೇ ಹತ್ತಾರು ಬದಿ ಹಾಕಿದ ಮನೆಗಳ ಪ್ಲೇಟು ನೋಡಿದ ಕೂಡಲೇ ಗೊತ್ತಾಗುತ್ತದೆ. ಗೆರೆಯ ಕಪ್ಪು ಹೊಳಪು ಹೋಗಿ ಬೂದು ಬಣ್ಣ ಬಂದಿರುತ್ತದೆ. ಆದರೂ ಕೈ ಬಿಡಬೇಡಿ. ಆ ಸೂಜಿ ಗೋಡೆಯ ಒಂದು ಎತ್ತರದಲ್ಲಿ ಮಾತ್ರ ಸವೆಸಿರುತ್ತದೆ. ಈಗಿನ ಸೂಜಿ ಸ್ವಲ್ಪ ಮೇಲೋ ಕೆಳಗೋ ಒರಗಿದರೆ ಸವೆಯದ ಜಾಗ ಸಿಗುತ್ತದೆ. 2.5ರಿಂದ 3.5 ಮಿಲ್‌ವರೆಗೆ ಬೇರೆ ಬೇರೆ ಸೂಜಿ ಇಟ್ಟುಕೊಳ್ಳುವ ಸಂಗ್ರಾಹಕರು ಇರುವುದು ಇದಕ್ಕೇ. ನಮಗೆ ನಿಮಗೆ ಒಂದು 3 ಮಿಲ್ ಸಾಕು.

ಇನ್ನು ಮಷಿನ್. ಎಲ್‌ಪಿ120 ಡೈರೆಕ್ಟ್ ಡ್ರೈವ್, ಅಂದರೆ ಮೋಟರೇ ನೇರವಾಗಿ ತಿರುಗಿಸುತ್ತದೆ, ಬೆಲ್ಟ್ ಇಲ್ಲ. 33 ಮತ್ತು 45ರ ಎರಡೂ ಬಟನ್ ಒಟ್ಟಿಗೆ ಒತ್ತಿದರೆ 78ಕ್ಕೆ ಹೋಗುತ್ತದೆ. ಸ್ಟಾರ್ಟ್ ಒತ್ತಿದರೆ ಕ್ಷಣದಲ್ಲಿ ಪೂರ್ತಿ ವೇಗ. ಗಟ್ಟಿ, ಭಾರ, ಅಲುಗುವುದಿಲ್ಲ. ಅಟ್ಟ ಹಾಕಿದ ಮನೆಗಳಲ್ಲಿ ಯಾರಾದರೂ ಮೇಲೆ ನಡೆದರೆ ಕೆಳಗಿನ ಕಪಾಟು ನಡುಗುತ್ತದಲ್ವಾ, ಅಂಥ ಕಡೆ ಈ ಭಾರ ಉಪಯೋಗಕ್ಕೆ ಬರುತ್ತದೆ. ಬೆಲೆ ಕಮ್ಮಿಯೇನಲ್ಲ, ಸೂಜಿ ಸೇರಿದರೆ ಇನ್ನೂ ಮೇಲೆ ಹೋಗುತ್ತದೆ. ಅದರ ಅರ್ಧಕ್ಕೂ ಕಮ್ಮಿಗೆ ಸೂಟ್‌ಕೇಸ್ ಥರದ ಪ್ಲೇಯರ್ ಸಿಗುತ್ತವೆ, ಅವುಗಳ ಮೇಲೂ 78 ಅಂತ ಬರೆದಿರುತ್ತದೆ. ಬರೆದಿದ್ದು ವೇಗಕ್ಕೆ ಮಾತ್ರ. ಒಳಗಿರುವುದು ಹೆಚ್ಚಾಗಿ ಎಲ್‌ಪಿ ಸೂಜಿಯೇ, ಬದಲಿಸಲು 78ರ ಸೂಜಿ ಸಿಗುವುದು ಕಷ್ಟ. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಬಲಗಡೆ ಇರುವ ಪಿಚ್ ಸ್ಲೈಡರ್, ಅಂದರೆ ವೇಗ ಸ್ವಲ್ಪ ಏರಿಸಿ ಇಳಿಸುವ ಪಟ್ಟಿ. ಡಿಜೆಗಳಿಗೆ ಅಂತ ಇಟ್ಟದ್ದು, ನಮ್ಮ ಪ್ಲೇಟುಗಳಿಗೆ ವರವಾಗಿದೆ. 78 ಅನ್ನುವುದು ಆಮೇಲೆ ಗಟ್ಟಿಯಾದ ಲೆಕ್ಕ. ಮೊದಮೊದಲ ಪ್ಲೇಟುಗಳು 70ರ ಆಸುಪಾಸಿನಿಂದ 80ರ ಮೇಲಿನವರೆಗೂ ಬೇರೆ ಬೇರೆ ವೇಗದಲ್ಲಿ ಆಗಿವೆ. 78ಕ್ಕಿಂತ ಕಮ್ಮಿ ವೇಗದಲ್ಲಿ ಆದವನ್ನು ಸರಿಯಾಗಿ 78ರಲ್ಲೇ ಹಾಕಿದರೆ ಗಾಯಕರ ದನಿ ತೆಳ್ಳಗಾಗುತ್ತದೆ, ತಾನ್ ಓಡುತ್ತದೆ, ಶ್ರುತಿ ಏರುತ್ತದೆ. ಸ್ಲೈಡರ್ ಸರಿಸಿ ವೇಗ ಸ್ವಲ್ಪ ಇಳಿಸಿದರೆ ದನಿಗೆ ಮೈ ಬರುತ್ತದೆ. ಸಂಗೀತ ಗೊತ್ತಿದ್ದವರು ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಷಡ್ಜ ಹೊಂದಿಸಬಹುದು. ನಮ್ಮ ದೊಡ್ಡಪ್ಪ ಹಾಗೇ ಮಾಡಿದರು. ಸ್ಲೈಡರ್ ಮೇಲೆ ಕೆಳಗೆ ಆಡಿಸುತ್ತಾ ಒಂದು ಕಡೆ ನಿಲ್ಲಿಸಿ, "ತಮಾ, ಈಗ ಚೊಲೋ ಕೇಳ್ತು" ಅಂದರು. ಅಲ್ಲಿಗೆ ಅದು ಸರಿ.

ಒಂದು ವಿಷಯ ಸ್ವಲ್ಪ ತಾಂತ್ರಿಕ, ಆದರೂ ತಿಳಿದಿರಲಿ. ಈ ಮಷಿನ್ ಒಳಗೇ ಪ್ರೀಆಂಪ್ (ಸೂಜಿಯ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಭಾಗ) ಇದೆ, ಹಿಂದಿನ ಸ್ವಿಚ್ ಲೈನ್‌ಗೆ ಹಾಕಿದರೆ ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರ್‌ಗೆ ನೇರವಾಗಿ ಕೊಡಬಹುದು. ಆ ಪ್ರೀಆಂಪ್ ದನಿ ತಿದ್ದುವುದು ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಗೊತ್ತುಮಾಡಿದ ಲೆಕ್ಕದಲ್ಲಿ. ಆ ಲೆಕ್ಕ ಬಂದದ್ದು 1954ರಲ್ಲಿ, ಎಲ್‌ಪಿಗಳಿಗಾಗಿ. ಅದು 10,000 ಹರ್ಟ್ಸ್ ಹತ್ತಿರದ ದನಿಯನ್ನು ಸುಮಾರು 14 ಡೆಸಿಬೆಲ್ ಇಳಿಸುತ್ತದೆ. ಎಲ್‌ಪಿ ಮಾಡುವಾಗ ಅಷ್ಟೇ ಏರಿಸಿರುತ್ತಾರೆ, ಹಾಗಾಗಿ ಸರಿಹೋಗುತ್ತದೆ. ಹಳೆ ಪ್ಲೇಟುಗಳಲ್ಲಿ ಹೀಗೆ ಏರಿಸಿರುವುದಿಲ್ಲ, ಏರಿಸಿದ್ದರೂ ಇಷ್ಟಿಲ್ಲ. ಆದ್ದರಿಂದ ದನಿ ಮುಸುಕು ಹಾಕಿದಂತೆ ಮಂಕಾಗಿ ಬರುತ್ತದೆ. ಸ್ಪೀಕರ್ ಅಥವಾ ಆಂಪ್ಲಿಫೈಯರ್‌ನಲ್ಲಿ ಟ್ರೆಬಲ್ ಜಾಸ್ತಿ ಮಾಡಿದರೆ ಅರ್ಧ ಸರಿಹೋಗುತ್ತದೆ. ಪೂರ್ತಿ ಸರಿ ಮಾಡಬೇಕಿದ್ದರೆ ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಈಕ್ವಲೈಸರ್ ಹಾಕಿ ತಿದ್ದಿ. ಚಟಚಟ ಸದ್ದು ತೆಗೆಯುವ ಸೌಲಭ್ಯವೂ ಅದರಲ್ಲಿದೆ. ಅದನ್ನು ಹಿತಮಿತವಾಗಿ ಬಳಸಿ. ಪೂರ್ತಿ ಉಜ್ಜಿ ತೆಗೆದರೆ ತಬಲಾದ ಚಾಟಿಯ (ಅಂಚಿನ) ಪೆಟ್ಟೂ ಅದರ ಜೊತೆ ಹೋಗುತ್ತದೆ.

ಈ ಚರಚರ ಸದ್ದು ಕಮ್ಮಿ ಮಾಡಲು ಇನ್ನೂ ಸರಳ ದಾರಿ ಮೋನೋ, ಅಂದರೆ ಎಡ ಬಲ ಎರಡೂ ಚಾನೆಲ್ ಕೂಡಿಸಿ ಒಂದೇ ದನಿ ಮಾಡುವುದು. ಈ ಪ್ಲೇಟುಗಳಲ್ಲಿ ದನಿ ಇರುವುದು ಗೆರೆಯ ಎಡಬಲ ಓಲಾಟದಲ್ಲಿ. ಮೇಲೆ ಕೆಳಗಿನ ಕುಣಿತವೆಲ್ಲ ಬರೀ ಧೂಳು, ಗೀರು. ಆಂಪ್ಲಿಫೈಯರ್‌ನಲ್ಲಿ ಮೋನೋ ಬಟನ್ ಇದ್ದರೆ ಒತ್ತಿ. ಎರಡೂ ಚಾನೆಲ್ ಕೂಡಿದಾಗ ಮೇಲೆ ಕೆಳಗಿನ ಸದ್ದು ಒಂದನ್ನೊಂದು ಹೊಡೆದು ಹಾಕುತ್ತದೆ. ಹಾಡು ತಟ್ಟನೆ ಮುಂದೆ ಬಂದು ನಿಲ್ಲುತ್ತದೆ. ಒಂದು ಪೈಸೆ ಖರ್ಚಿಲ್ಲ.

ತೊಳೆಯುವ ವಿಷಯಕ್ಕೆ ಬರೋಣ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಪ್ಲೇಟು ಬಿಟ್ಟೀತೇ? ಬಿಳಿ ಚುಕ್ಕೆ ಚುಕ್ಕೆಯಾಗಿ ಗೆರೆಯೊಳಗೆ ಕೂತಿರುತ್ತದೆ. ಎಲ್‌ಪಿ ತೊಳೆಯುವ ಲಿಕ್ವಿಡ್ ಹಾಕುವ ಮೊದಲು ಬಾಟಲಿ ಮೇಲೆ ಏನು ಬರೆದಿದೆ ಓದಿ. ಆಲ್ಕೋಹಾಲ್ ಇದ್ದರೆ ಮುಟ್ಟಿಸಲೇಬೇಡಿ, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹಾಕುವವರು ಮಾಡುವುದು ಅದನ್ನೇ. ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗಿನ ಬ್ರಶ್, ಗೆರೆಯ ಗುಂಟ ಮೆಲ್ಲಗೆ ತಿರುಗಿಸಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ಲೇಬಲ್ ಒದ್ದೆಯಾಗಬಾರದು, ಅದರ ಕಾಗದ ಎದ್ದುಬಂದರೆ ಯಾರ ಹಾಡು, ಯಾವ ರಾಗ ಅಂತ ತಿಳಿಯುವುದೂ ಕಷ್ಟ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಬೇಡ. ಹಳೆ ಕಾಗದದ ಕವರಿಗೆ ವಾಪಸ್ ಹಾಕಬೇಡಿ, ಬೂಷ್ಟು ಅದರಲ್ಲೇ ಇರುತ್ತದೆ. ಹೊಸ ಕವರ್ ಹಾಕಿ, ನೆಟ್ಟಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದ್ದು ಒಡೆಯುತ್ತದೆ. ಕೈ ಜಾರಿದರೂ ಒಡೆಯುತ್ತದೆ. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ನಾಟ್ಯಗೀತೆ ಎರಡು ಹೋಳಾಗಿ ಬಂತು, ಮಾರಿದವರು ಬರೀ ಪೇಪರ್ ಸುತ್ತಿ ಕಳಿಸಿದ್ದರು. ಬಹಳ ಬೇಜಾರಾಯಿತು. ತರಿಸುವುದಿದ್ದರೆ ಎರಡೂ ಕಡೆ ದಪ್ಪ ರಟ್ಟು ಇಟ್ಟು ಕಳಿಸಿ ಅಂತ ಮೊದಲೇ ಹೇಳಿ.

ಮಳೆಗಾಲದ ಇನ್ನೊಂದು ಕಾಟ ಕರೆಂಟು. ವೋಲ್ಟೇಜ್ ಸಣ್ಣಗೆ ಏರಿಳಿದರೆ ಈ ಮೋಟರ್ ವೇಗ ಕೆಡಿಸಿಕೊಳ್ಳುವುದಿಲ್ಲ, ಅದು ನಿಜವಾಗಿಯೂ ದೊಡ್ಡ ಸಮಾಧಾನ. ಪೂರ್ತಿ ಹೋದರೆ ಮಾತ್ರ ಸೂಜಿ ಪ್ಲೇಟಿನ ಮೇಲೇ ನಿಲ್ಲುತ್ತದೆ. ಎದ್ದು ಹೋಗಿ ಲಿವರ್ ಎತ್ತಿ ಬಿಡಿ, ಕರೆಂಟು ಬರುವವರೆಗೆ ಹಾಗೇ ಬಿಡಬೇಡಿ. ಇನ್ವರ್ಟರ್ ಇದ್ದರೆ ಚಿಂತೆಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಕೇಳುವುದು ಏನು? ಹತ್ತು ಇಂಚಿನ ಪ್ಲೇಟಿನ ಒಂದು ಬದಿ ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಒಂದು ರಾಗ ಮುಗಿಯಬೇಕು. ಗಂಗೂಬಾಯಿ ಹಾನಗಲ್ ಅವರು ಶುರುವಿನಲ್ಲಿ ಗಾಂಧಾರಿ ಹುಬ್ಳಿ ಅನ್ನುವ ಹೆಸರಲ್ಲಿ ಎಚ್‌ಎಂವಿಗೆ ಹಾಡಿದ್ದರು. ಆ ಕಾಲದ ಅವರ ದನಿ ತೆಳುವಾದ ಹೆಣ್ಣುದನಿ, ನಾವು ರೇಡಿಯೋದಲ್ಲಿ ಕೇಳಿ ಬೆಳೆದ ಗಡಸು ದನಿ ಅಲ್ಲವೇ ಅಲ್ಲ. ಅದನ್ನು ಎಸ್‌ಪಿ ಸೂಜಿಯಲ್ಲಿ, ಮೋನೋದಲ್ಲಿ ಕೇಳಬೇಕು. ತಾನಿನ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಹಾರ್ಮೋನಿಯಂನವರು ಒಂದು ಸ್ವರ ತಡವಾಗಿ ಹಿಡಿದದ್ದು ಕೇಳಿಸುತ್ತದೆ. ಮೈಕ್ರೋಫೋನ್ ಬಳಸಿ ರೆಕಾರ್ಡ್ ಮಾಡುವುದು 1925ರಿಂದ ಈಚೆಗೆ ಬಂದದ್ದು, ಆ ಮೈಕ್ ಹಿಡಿದದ್ದೆಲ್ಲ ಗೆರೆಯೊಳಗೆ ಆಗಲೇ ಇತ್ತು. ಉಕ್ಕಿನ ಸೂಜಿ ಮತ್ತು ತಗಡಿನ ಕೊಳವೆಗೆ ಅದನ್ನು ಪೂರ್ತಿ ಹೊರಗೆ ತರಲು ಆಗುತ್ತಿರಲಿಲ್ಲ. ಅಂದರೆ ಪ್ಲೇಟು ಕೊಂಡು ತಂದ ನಮ್ಮ ಹಿರಿಯರೇ ಕೇಳದಷ್ಟು ಅದರಲ್ಲಿತ್ತು. ನನಗೆ ಈ ಮಷಿನ್ ಮೇಲೆ ಇಷ್ಟು ಪ್ರೀತಿ ಬಂದದ್ದು ಇದಕ್ಕೇ.

ಅದಕ್ಕೂ ಹಿಂದಿನ, ಬರೀ ಕಹಳೆಯ ಮುಂದೆ ಕೂಗಿ ಹಾಡಿದ ಕಾಲದ ಪ್ಲೇಟುಗಳು ಸಿಕ್ಕರೆ ಕೊನೆವರೆಗೂ ಕೇಳಿ. 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪ್ಲೇಟು ಒತ್ತುತ್ತಿದ್ದದ್ದು ಆಗ ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಅಂತ. ಇಂಥ ಪ್ಲೇಟುಗಳಲ್ಲಿ ಟ್ರೆಬಲ್ ಏರಿಸಿದರೂ ಹೆಚ್ಚು ಸಿಗುವುದಿಲ್ಲ, ಸ್ಲೈಡರ್ ಹೊಂದಿಸುವುದೇ ಮುಖ್ಯ.

ಬರೀ ಎಲ್‌ಪಿ ಇರುವವರಿಗೆ, ಈ ಪಿಚ್ ಸ್ಲೈಡರ್, 78ರ ವೇಗ ಎರಡೂ ಬೇಡವಾದರೆ, ಇದಕ್ಕಿಂತ ಕಮ್ಮಿ ಬೆಲೆಯಲ್ಲಿ ಒಳ್ಳೆ ಬೆಲ್ಟ್ ಡ್ರೈವ್ ಸಿಗುತ್ತದೆ, ಅದನ್ನೇ ತಗೊಳ್ಳಿ. ನಾಗಂದಿಗೆ ಮೇಲೆ ಅರಗಿನ ಪ್ಲೇಟು ಇರುವವರಿಗೆ ಮಾತ್ರ ನನ್ನ ಶಿಫಾರಸು ಇದೇ. ಸ್ಪೀಕರ್‌ಗೆ ದುಡ್ಡು ಸಾಲದಿದ್ದರೆ ಮನೆಯಲ್ಲಿರುವ ಹಳೇ ಸ್ಪೀಕರ್‌ನಲ್ಲೇ ಶುರು ಮಾಡಿ, ಸೂಜಿಯಲ್ಲಿ ಮಾತ್ರ ಉಳಿಸಲು ನೋಡಬೇಡಿ. 78ರ ಸೂಜಿ ಎಲ್ಲಾ ಕಡೆ ಸ್ಟಾಕ್ ಇರುವುದಿಲ್ಲ, ಶಿರಸಿಯಲ್ಲಂತೂ ಇಲ್ಲ. ಹಾಗಾಗಿ ಸೂಜಿ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಅದು ಕೈಗೆ ಬರುವುದು ಖಾತ್ರಿಯಾದ ಮೇಲೆ ಟರ್ನ್‌ಟೇಬಲ್ ಆರ್ಡರ್ ಮಾಡಿ.