ವ್ಯಾಪಾರ ಬಿದ್ದಾಗ ಕಾಫಿಪುಡಿ ಮಾರಿದ ಲೆಕ್ಕ

ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಕಾಫಿಪುಡಿ ಅಂಗಡಿ. ಹುರಿಯುವ ಮಷೀನು ಒಂದು, ಗ್ರೈಂಡರ್ ಒಂದು, ಅಪ್ಪ, ನಾನು. ಇಷ್ಟೇ. 2020ರ ಮಾರ್ಚ್‌ವರೆಗೆ ದಿನಕ್ಕೆ 18 ಕೆಜಿ ಪುಡಿ ಹೋಗುತ್ತಿತ್ತು. ಅದರಲ್ಲಿ 7 ಕೆಜಿ ಹೋಟೆಲು, ಕ್ಯಾಂಟೀನುಗಳದ್ದು. ಲಾಕ್‌ಡೌನ್ ಮುಗಿದು ಜೂನ್‌ನಲ್ಲಿ ಹೋಟೆಲುಗಳು ಬಾಗಿಲು ತೆರೆದವು, ಆದರೆ ಒಳಗೆ ಬಂದು ಕೂರುವವರೇ ಇರಲಿಲ್ಲ. ನಮ್ಮ ವ್ಯಾಪಾರ 6 ಕೆಜಿಗೆ ಬಂದು ನಿಂತಿತು. ಆಗಸ್ಟ್ ಕೊನೆಗೆ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಸಿದಿದೆ ಎಂದು ಸುದ್ದಿ ಬಂತು. ಅಪ್ಪ ಪೇಪರ್ ಮಡಚಿಟ್ಟು, "ಅಷ್ಟೇನಾ? ನಮ್ದು ಮೂರರಲ್ಲಿ ಎರಡು ಪಾಲು ಹೋಯ್ತಲ್ಲೋ" ಎಂದರು.

ಕಾಫಿಪುಡಿ ಅಂಗಡಿಗೆ ಬೋರ್ಡಿಗಿಂತ ದೊಡ್ಡ ಜಾಹೀರಾತು ಘಮ. ಸಾಯಂಕಾಲ ಬೀಜ ಹುರಿದರೆ ರಸ್ತೆಯ ತಿರುವಿನವರೆಗೆ ಗೊತ್ತಾಗುತ್ತಿತ್ತು. ಬಸ್ಸಿಳಿದು ಮನೆಗೆ ಹೋಗುವವರು ಹಾಗೇ ಒಳಗೆ ಬರುತ್ತಿದ್ದರು. ಆ ವರ್ಷ ಎಲ್ಲರ ಮೂಗಿನ ಮೇಲೂ ಮಾಸ್ಕ್. ಕೋವಿಡ್ ಬಂದು ವಾಸಿಯಾದವರಲ್ಲಿ ಕೆಲವರಿಗೆ ಮಾಸ್ಕ್ ತೆಗೆದರೂ ವಾಸನೆ ತಿಳಿಯುತ್ತಿರಲಿಲ್ಲ. ಹಳೇ ಗಿರಾಕಿಯೊಬ್ಬರು ಪೊಟ್ಟಣವನ್ನು ಮೂಗಿಗೆ ಹಿಡಿದು, "ಏನೂ ಬರ್ತಿಲ್ಲ ಕಣಪ್ಪ. ಆದ್ರೂ ಕಾಲು ಕೆಜಿ ಕೊಡು" ಎಂದರು. ಪುಕ್ಕಟೆ ಜಾಹೀರಾತು ಕೈಕೊಟ್ಟಿತ್ತು. ದುಡ್ಡು ಹಾಕಿ ಏನಾದರೂ ಮಾಡಲೇಬೇಕಾಯಿತು.

ಅಪ್ಪನಿಗೆ ಪಾಂಪ್ಲೆಟ್ ಮತ್ತು ಮೈಕಿನ ಆಟೋ ಮೇಲೆ ನಂಬಿಕೆ. ನನಗೆ ಮೊಬೈಲಿನ ಮೇಲೆ. ಜಗಳ ಬೇಡ ಅಂತ ಎರಡನ್ನೂ ಮಾಡಿದೆವು. ಹೊಸ ಮುಖ ಬಂದರೆ "ನಮ್ಮಂಗಡಿ ಹೇಗೆ ಗೊತ್ತಾಯ್ತು?" ಎಂದು ಕೇಳಿ ಬಿಲ್ಲಿನ ಮೂಲೆಯಲ್ಲಿ ಒಂದಕ್ಷರ ಬರೆಯುವುದು: ಪಾ, ಮೈ, ಫೋ. ಇಷ್ಟು ಮಾಡದಿದ್ದರೆ ಯಾವುದು ಕೆಲಸ ಮಾಡಿತು ಅನ್ನೋದು ಇವತ್ತಿಗೂ ನಮಗೆ ಗೊತ್ತಾಗುತ್ತಿರಲಿಲ್ಲ. ಸುಮ್ನೆ ವಾದ ಮಾಡಿಕೊಂಡು ಇರುತ್ತಿದ್ದೆವು.

ಮೈಕಿನ ಆಟೋ ಎಲ್ಲಕ್ಕಿಂತ ಮೊದಲು ಸೋತಿತು. ದಿನಕ್ಕೆ 1,100 ರೂಪಾಯಿಯಂತೆ ಎರಡು ದಿನ ಓಡಿಸಿದೆವು. ಅದೇ ತಿಂಗಳು ಊರೆಲ್ಲ ಮೈಕಿನ ಆಟೋಗಳು "ಮಾಸ್ಕ್ ಹಾಕಿ, ಅಂತರ ಕಾಪಾಡಿ" ಎಂದು ಕೂಗುತ್ತಾ ತಿರುಗುತ್ತಿದ್ದವು. ನಮ್ಮದನ್ನೂ ಜನ ಅದೇ ಅಂದುಕೊಂಡರು. ನಮ್ಮ ಬೀದಿಯಲ್ಲೇ ಒಬ್ಬರು ಆಟೋ ಕಂಡು ಕಿಟಕಿ ಹಾಕಿಕೊಂಡಿದ್ದನ್ನು ನಾನೇ ನೋಡಿದೆ. "ಮೈ" ಬಿದ್ದದ್ದು ಮೂರು ಬಿಲ್ಲಿಗೆ.

ಪಾಂಪ್ಲೆಟ್ ವಿಷಯದಲ್ಲಿ ನನ್ನ ಅಂದಾಜು ತಪ್ಪಾಯಿತು. ಕೋವಿಡ್ ಹೆದರಿಕೆಗೆ ಎಷ್ಟೋ ಮನೆಗಳು ಪೇಪರನ್ನೇ ನಿಲ್ಲಿಸಿದ್ದವು, ಇನ್ನು ಅದರೊಳಗಿನ ಚೀಟಿ ಯಾರು ನೋಡ್ತಾರೆ ಅಂದುಕೊಂಡಿದ್ದೆ. 3,000 ಪ್ರತಿ, ಪ್ರಿಂಟಿಂಗು ಮತ್ತು ಪೇಪರ್ ಹುಡುಗರ ಖರ್ಚು ಸೇರಿ 4,200 ರೂಪಾಯಿ. ತಿಂಗಳಲ್ಲಿ 19 ಜನ ಬಂದರು, 11 ಜನ ಮತ್ತೆ ಬಂದರು. ತಲೆಗೆ 220 ರೂಪಾಯಿ ಬಿತ್ತು. ಕಾಲು ಕೆಜಿ ಪುಡಿಯಲ್ಲಿ ನಮಗೆ ಉಳಿಯುವುದು ಇಪ್ಪತ್ತು ರೂಪಾಯಿ ಚಿಲ್ಲರೆ, ಹಾಗಾಗಿ ಇದೂ ದುಬಾರಿಯೇ. ಆದರೆ ಪಾಂಪ್ಲೆಟ್‌ಗೆ ಆಯಸ್ಸು ಜಾಸ್ತಿ. ಆರು ತಿಂಗಳಾದ ಮೇಲೆ ಒಬ್ಬ ಹೆಂಗಸು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಿಂದ ತೆಗೆದು, "ಇದೇ ಅಂಗಡಿನಾ?" ಎಂದು ಕೇಳಿದರು.

ಈಗ ನನ್ನ ಸರದಿ. ಸೋಷಿಯಲ್ ಮೀಡಿಯಾದಲ್ಲಿ 2,000 ರೂಪಾಯಿ ಕೊಟ್ಟು ಒಂದು ಜಾಹೀರಾತು ಹಾಕಿದೆ. ಹಿತ್ತಾಳೆ ಫಿಲ್ಟರು, ನೊರೆ ಉಕ್ಕುವ ಲೋಟ, ಚೆಂದದ ಫೋಟೋ. 140 ಲೈಕು ಬಂತು! ಅಪ್ಪನಿಗೆ ತೋರಿಸಿ ಬೀಗಿದೆ. ಆಮೇಲೆ ನೋಡಿದರೆ ಲೈಕ್ ಮಾಡಿದವರಲ್ಲಿ ಮುಕ್ಕಾಲು ಪಾಲು ಬೇರೆ ಊರಿನವರು. ಎಷ್ಟು ದೂರದವರಿಗೆ ಕಾಣಬೇಕು ಎಂದು ಆರಿಸುವ ಕಡೆ ನಾನೇ ಇಡೀ ಕರ್ನಾಟಕ ಎಂದು ಬಿಟ್ಟಿದ್ದೆ. ಕಾಲು ಕೆಜಿ ಪುಡಿಗೆ ಬಳ್ಳಾರಿಯಿಂದ ಯಾರು ಬರ್ತಾರೆ, ಅಲ್ವಾ? ಅಂಗಡಿಗೆ ಬಂದವರು ನಾಲ್ಕೇ ಜನ. ಎರಡನೇ ಸಲ ಅಂಗಡಿ ಸುತ್ತಲಿನ ಮೂರು ಕಿಲೋಮೀಟರಿಗೆ ಕಟ್ಟಿಹಾಕಿ 600 ರೂಪಾಯಿ ಹಾಕಿದಾಗ ಐದು ಜನ ಬಂದರು. ತಲೆಗೆ 120 ರೂಪಾಯಿ, ಅಪ್ಪನ ಪಾಂಪ್ಲೆಟ್ ಲೆಕ್ಕದ ಹೆಚ್ಚುಕಡಿಮೆ ಅರ್ಧ. ಇದನ್ನು ಅಪ್ಪನಿಗೆ ಹೇಳಲು ಹೋಗಲಿಲ್ಲ.

ವಾಟ್ಸಾಪ್ ಕಥೆಯೇ ಬೇರೆ. ಉದ್ರಿ ಪುಸ್ತಕ, ಹಳೇ ಬಿಲ್ಲುಗಳಿಂದ 180 ನಂಬರ್ ತೆಗೆದು ಒಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು. ಬಣ್ಣಬಣ್ಣದ ಪೋಸ್ಟರ್ ಕಳಿಸಿದೆ. ಎರಡು ದಿನ ಕಾದರೂ ಉತ್ತರ ಕೊಟ್ಟವರು ಆರೇ ಜನ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಸಂದೇಶ ಹೋಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ಕೌಂಟರಿನಲ್ಲಿ ಹೊಸ ಕೆಲಸ ಶುರುವಾಯಿತು. ಪುಡಿ ತೂಗುತ್ತಾ ತೂಗುತ್ತಾ "ಅಮ್ಮಾ, ಈ ನಂಬರ್ ಸೇವ್ ಮಾಡ್ಕೊಳಿ, ಹುರಿಯೋ ದಿನ ಹೇಳ್ತೀವಿ" ಎನ್ನುವುದು. ಎಷ್ಟೋ ಜನ ಫೋನನ್ನೇ ನನ್ನ ಕೈಗೆ ಕೊಟ್ಟು "ನೀನೇ ಮಾಡಪ್ಪ" ಎಂದರು.

ಪೋಸ್ಟರನ್ನೂ ಬಿಟ್ಟೆ. ಬದಲಿಗೆ ಒಂದೇ ಸಾಲು: "ಇವತ್ತು ನಾಲ್ಕು ಗಂಟೆಗೆ ಪೀಬೆರಿ ಹುರೀತಿದ್ದೀವಿ. ಬೇಕಾದವರು ಹೇಳಿ, ಎತ್ತಿಡ್ತೀವಿ." ಇದಕ್ಕೆ ವಾರಕ್ಕೆ ನಲವತ್ತರ ಹತ್ತಿರ ಉತ್ತರ ಬರತೊಡಗಿತು. ಪೋಸ್ಟರ್ ಕಂಡರೆ ಜನಕ್ಕೆ ಜಾಹೀರಾತು. ಈ ಸಾಲು ಕಂಡರೆ ಪರಿಚಯದವರು ಫೋನ್ ಮಾಡಿದ ಹಾಗೆ. ಘಮ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತಿತ್ತು: ಈಗ ಹುರಿಯುತ್ತಿದ್ದಾರೆ, ಈಗಲೇ ಹೋದರೆ ಬಿಸಿ ಪುಡಿ ಸಿಗುತ್ತದೆ. ಹೊಸಬರನ್ನು ಇದು ತರಲಿಲ್ಲ. ಆದರೆ ಹಳಬರಲ್ಲಿ ಯಾರು ಬರುವುದು ನಿಲ್ಲಿಸಿದ್ದಾರೆ ಎಂದು ತಿಳಿಯಿತು, ಯಾಕೆ ಎಂದೂ ತಿಳಿಯಿತು. "ಸಂಬಳ ಅರ್ಧ ಬರ್ತಿದೆ, ಸದ್ಯಕ್ಕೆ ಬೇಡ" ಎಂದು ಮೂರ್ನಾಲ್ಕು ಜನ ನೇರವಾಗೇ ಬರೆದರು. ಪುಡಿ ಬೇಡವಾಗಿರಲಿಲ್ಲ ಅವರಿಗೆ, ಒಂದೇ ಸಲಕ್ಕೆ ಅಷ್ಟು ದುಡ್ಡು ತೆಗೆಯುವುದು ಕಷ್ಟವಾಗಿತ್ತು. ಪಾಂಪ್ಲೆಟ್ಟೋ ಮೊಬೈಲೋ ಎಂದು ನಾವಿಬ್ಬರೂ ಗುದ್ದಾಡುತ್ತಿದ್ದಾಗ ಇದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಅಲ್ಲಿಂದ ಹೋಲಿಕೆ ಬೇರೆ ಕಡೆ ತಿರುಗಿತು. ರಿಯಾಯಿತಿ ಕೊಡುವುದೋ, ಸಣ್ಣ ಪೊಟ್ಟಣ ಮಾಡುವುದೋ?

ರಿಯಾಯಿತಿಯನ್ನು ಮೊದಲು ಮಾಡಿದೆವು. ಅರ್ಧ ಕೆಜಿಗೆ 180 ರೂಪಾಯಿ ಇತ್ತು, ಎರಡು ವಾರ 150ಕ್ಕೆ ಕೊಟ್ಟೆವು. ಅಂಗಡಿ ತುಂಬಿತು. ಗಲ್ಲಾಪೆಟ್ಟಿಗೆ ನೋಡಿ ಖುಷಿಯಾಯಿತು. ಆದರೆ ತಗೊಂಡವರು ಕೈಯಲ್ಲಿ ದುಡ್ಡಿದ್ದವರೇ. ಒಂದೊಂದು ಕೆಜಿ ಒಯ್ದು ಮನೆಯಲ್ಲಿಟ್ಟರು, ಮುಂದಿನ ತಿಂಗಳು ಅಂಗಡಿ ಬಿಕೋ ಎಂದಿತು. ಕಾಫಿಪುಡಿ ಅಕ್ಕಿಯಲ್ಲ, ಪುಡಿ ಮಾಡಿದ ಎರಡು ಮೂರು ವಾರಕ್ಕೆ ಘಮ ಇಳಿಯುತ್ತದೆ. ಹಾಗಾಗಿ "ಈ ಸಲ ಪುಡಿ ಸರಿಯಿಲ್ಲ" ಎಂಬ ಮಾತು ಬೇರೆ ಕೇಳಬೇಕಾಯಿತು. ಮತ್ತೆ 180 ಎಂದಾಗ "ಯಾಕೆ ಏರಿಸಿಬಿಟ್ರಿ?" ಎಂದು ಮುಖ ಸಿಂಡರಿಸಿದರು. ನಾವೇನೂ ಏರಿಸಿರಲಿಲ್ಲ.

ಆಮೇಲೆ 50 ಗ್ರಾಂ ಪೊಟ್ಟಣ, 20 ರೂಪಾಯಿ. ಲೆಕ್ಕಕ್ಕೆ 18 ಬೀಳಬೇಕು, ಕವರು ಸೀಲಿಂಗಿಗೆ ಎರಡು ರೂಪಾಯಿ. ಶಾಂಪೂ ಕಂಪನಿಗಳು ಒಂದು ರೂಪಾಯಿ ಸ್ಯಾಶೆ ಮಾರಿ ಹಳ್ಳಿಹಳ್ಳಿ ತಲುಪಿದ್ದು ಇದೇ ಲೆಕ್ಕದಲ್ಲಿ. ಅಪ್ಪನಿಗೆ ಮೊದಲು ಇಷ್ಟವಿರಲಿಲ್ಲ. "ಕಾಲು ಕೆಜಿ ತಗೊಳ್ಳೋರೂ ಐವತ್ತು ಗ್ರಾಮಿಗೆ ಇಳೀತಾರೆ ನೋಡು" ಎಂದರು. ಕೆಲವರು ಇಳಿದರು, ನಿಜ. ಆದರೆ ವಾರಕ್ಕೆ ಎರಡು ಸಲ ಬಂದರು. ಬಂದಾಗಲೆಲ್ಲ ಪುಡಿ ಹೊಸದು, ಹಾಗಾಗಿ ದೂರೂ ನಿಂತಿತು. ಬರುವುದು ಬಿಟ್ಟಿದ್ದವರಲ್ಲಿ ಸುಮಾರು ಜನ ಈ ಪೊಟ್ಟಣಕ್ಕೇ ವಾಪಸ್ ಬಂದರು.

ಇನ್ನೊಂದು ದಾರಿಯೂ ಇತ್ತು: ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ಜಾಸ್ತಿ ಮಾಡಿ ರೇಟು ಇಳಿಸುವುದು. ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ, ಎಷ್ಟು ಚಿಕೋರಿ ಎಂದು ಕವರಿನ ಮೇಲೆ ಹಾಕಬೇಕು. 80-20ರ ಪಕ್ಕದಲ್ಲೇ 60-40 ಇಟ್ಟು, ಎರಡರ ರೇಟನ್ನೂ ಸೀಮೆಸುಣ್ಣದಲ್ಲಿ ಬರೆದೆವು. ಓಡಿತು, ಆದರೆ ಬಹಳ ಅಲ್ಲ. ಇಷ್ಟು ವರ್ಷ ಒಂದು ರುಚಿಗೆ ಒಗ್ಗಿದ ನಾಲಿಗೆ ಬಡತನದಲ್ಲೂ ಅದನ್ನೇ ಕೇಳುತ್ತದೆ. ಕಡಿಮೆ ಕುಡಿಯುತ್ತಾರೆ, ಆದರೆ ಅದನ್ನೇ ಕುಡಿಯುತ್ತಾರೆ.

ಮ್ಯಾಪಿನಲ್ಲಿ ಅಂಗಡಿ ಹೆಸರು ಸೇರಿಸಿದ್ದಕ್ಕೆ ಒಂದು ಪೈಸೆ ಖರ್ಚಿಲ್ಲ. ತಿಂಗಳಿಗೆ ಎರಡು ಮೂರು ಹೊಸಬರು ಅಲ್ಲಿಂದ ಈಗಲೂ ಬರುತ್ತಾರೆ. ಭಾನುವಾರ ಮಧ್ಯಾಹ್ನ ರಜೆ ಎಂದು ಹಾಕಲು ಮರೆತು ಒಬ್ಬರಿಂದ ಬೈಸಿಕೊಂಡೆ, ಅಷ್ಟೇ.

ಡಿಸೆಂಬರ್ ಹೊತ್ತಿಗೆ ದಿನಕ್ಕೆ 11 ಕೆಜಿಗೆ ಬಂದೆವು. ಹೋಟೆಲಿನವರಲ್ಲಿ ಇಬ್ಬರು ತಿರುಗಿ ಬರಲೇ ಇಲ್ಲ, ಅವರ ಹೋಟೆಲೇ ಮುಚ್ಚಿತ್ತು. ಮತ್ತೆ ಅಂಥ ದಿನ ಬಂದರೆ ಮೊದಲ ದಿನವೇ ಸಣ್ಣ ಪೊಟ್ಟಣ ಮತ್ತು ಆ ಒಂದು ಸಾಲಿನ ಮೆಸೇಜು. ದುಡ್ಡು ಉಳಿದರೆ ಪಾಂಪ್ಲೆಟ್, ಅದೂ ಸಾವಿರವೇ ಸಾಕು. ಆಗ ಹಂಚದೆ ಉಳಿದ ಒಂದು ಕಟ್ಟು ಇನ್ನೂ ಗ್ರೈಂಡರ್ ಪಕ್ಕದಲ್ಲಿದೆ. ಹಿಂಬದಿ ಖಾಲಿ ಇದೆಯಲ್ಲ, ಅಪ್ಪ ಹುರಿಯುವ ದಿನದ ಲೆಕ್ಕವನ್ನು ಅದರ ಮೇಲೇ ಬರೆಯುತ್ತಾರೆ.