ಕೆಂಪು ನೀರಿಗೆ ಯಾವ ಫಿಲ್ಟರ್: ಕೆಲವು ಮಳೆಗಾಲ ಬಳಸಿದ ಮೇಲೆ

ಜಲಪಾತ, ಹೊಳೆಗಳ ಫೋಟೊ ತೆಗೆಯಲು ನನ್ನ ಬ್ಯಾಗಿನಲ್ಲಿ ಇರುವುದು ಲೆನ್ಸಿನ ಮುಂದೆ ಹಾಕುವ, ಒಂದೇ ಕಂಪನಿಯ ನಾಲ್ಕು ಫಿಲ್ಟರ್: ಹೊಳಪು ಇಳಿಸುವ ಒಂದು ಸರ್ಕ್ಯುಲರ್ ಪೋಲರೈಸರ್, ಬೆಳಕು ತಗ್ಗಿಸುವ ಎನ್‌ಡಿ ಗಾಜು ಮೂರು, ಅಂದರೆ ಮೂರು ಸ್ಟಾಪಿನ ಎನ್‌ಡಿ8, ಆರು ಸ್ಟಾಪಿನ ಎನ್‌ಡಿ64, ಹತ್ತು ಸ್ಟಾಪಿನ ಎನ್‌ಡಿ1000. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು. ನಾಲ್ಕೂ 77 ಮಿ.ಮೀ. ಅಳತೆಯವು. ನನ್ನದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಲೆನ್ಸು 67 ಮಿ.ಮೀ. ಇರುವುದರಿಂದ ನಡುವೆ ಸ್ಟೆಪ್-ಅಪ್ ರಿಂಗ್ ಹಾಕುತ್ತೇನೆ. ಮನೆ ಗಂಗಾವತಿ. ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯ ಕಪಿಲತೀರ್ಥ, ಲಿಂಗಸುಗೂರು ಕಡೆಯ ಗುಂಡಲಬಂಡೆ, ಸಾಣಾಪುರದ ಹತ್ತಿರ ಬಂಡೆಗಳ ಸಂದಿಯಲ್ಲಿ ನುಗ್ಗುವ ತುಂಗಭದ್ರೆ, ಮುನಿರಾಬಾದ್ ಕಡೆಯಿಂದ ಕಾಣುವ ಅಣೆಕಟ್ಟಿನ ಗೇಟುಗಳು, ಇವೇ ನನ್ನ ಜಾಗಗಳು. ಕೆಲವು ಮಳೆಗಾಲ ಇವುಗಳ ಮುಂದೆ ನಿಂತು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಒಂದೇ ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ. ಎರಡನೆಯದು ಬೇಕೆಂದರೆ ಎನ್‌ಡಿ8. ಎಲ್ಲರೂ ಮೊದಲು ಹೇಳುವ ಹತ್ತು ಸ್ಟಾಪಿನ ಗಾಜು ಇಲ್ಲಿಯ ಜಲಪಾತಗಳಿಗೆ ಬೇಕಾಗುವುದು ತೀರಾ ಅಪರೂಪ.

ಕಾರಣ ನೀರಿನಲ್ಲಿದೆ. ಜಲಪಾತದ ಫೋಟೊ ಬಗ್ಗೆ ಸಿಗುವ ಸಲಹೆಗಳನ್ನು ಕಾಡಿನ ಜಲಪಾತ ನೋಡಿದವರು ಬರೆದಿರುತ್ತಾರೆ. ಅಲ್ಲಿ ಮೇಲೆ ಮರದ ನೆರಳು, ಕೆಳಗೆ ಬೆಳ್ಳನೆಯ ನೀರು, ಸುತ್ತ ಕಪ್ಪು ಕಲ್ಲು. ಶಟರ್ ಎರಡು ಸೆಕೆಂಡ್ ತೆರೆದಿಟ್ಟರೆ ಬಿಳುಪು ರೇಷ್ಮೆಯ ಎಳೆಗಳು ಬರುತ್ತವೆ. ನಮ್ಮಲ್ಲಿ ಬರಿ ಬಂಡೆ, ಬರಿ ಬಿಸಿಲು, ಮಳೆ ಬಿದ್ದ ಎರಡು ದಿನ ಹಳ್ಳದಲ್ಲಿ ಮಣ್ಣು ಕಲಸಿದ ಕೆಂಪು ನೀರು. ಆ ನೀರಿಗೆ ಎರಡು ಸೆಕೆಂಡ್ ಕೊಟ್ಟರೆ ನೊರೆಯ ಬಿಳುಪು, ಅಲೆಯ ನೆರಳು ಎಲ್ಲ ಒಂದರೊಳಗೊಂದು ಕರಗಿ ಕೆಂಪಗಿನ ಚಪ್ಪಟೆ ಪಟ್ಟಿಯೊಂದು ಉಳಿಯುತ್ತದೆ. ನೀರು ಎಂದು ಗುರುತು ಹಿಡಿಯುವುದಕ್ಕೂ ಆಗುವುದಿಲ್ಲ. ಅದೇ ನೀರಿಗೆ 1/8 ಅಥವಾ 1/4 ಸೆಕೆಂಡ್ ಕೊಟ್ಟು ನೋಡಿ. ನೊರೆ ಎಳೆಯಾಗಿ ನಿಲ್ಲುತ್ತದೆ, ಬೀಳುವ ರಭಸವೂ ಕಾಣುತ್ತದೆ. ನನ್ನ ಕಣ್ಣಿಗೆ ಇದೇ ತುಂಗಭದ್ರೆಯ ನಿಜವಾದ ರೂಪ.

ಈಗ ಲೆಕ್ಕ. ಐಎಸ್ಒ (ಸೆನ್ಸರಿನ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್/11 (ಈ ಸಂಖ್ಯೆ ಏರಿದಷ್ಟು ಕಿಂಡಿ ಕಿರಿದು), ನೇರ ಬಿಸಿಲು ಇದ್ದರೆ ಶಟರ್ ಹೆಚ್ಚುಕಡಿಮೆ 1/200 ಸೆಕೆಂಡ್ ಬರುತ್ತದೆ. ಸೂರ್ಯ ಇಳಿದ ಮೇಲೆ, ಅಥವಾ ಮೋಡ ಕವಿದಾಗ, ಸುಲಭವಾಗಿ 1/60ಕ್ಕೆ ಬರುತ್ತದೆ. ಎನ್‌ಡಿ8 ಹಾಕಿದರೆ ಬೆಳಕು ಎಂಟನೇ ಒಂದು ಭಾಗಕ್ಕಿಳಿದು 1/60 ಹೋಗಿ 1/8 ಆಗುತ್ತದೆ. ಅದರ ಮುಂದೆ ಪೋಲರೈಸರ್ ಇದ್ದರೆ ಅದೂ ಒಂದೂವರೆ ಸ್ಟಾಪಿನಷ್ಟು ಬೆಳಕು ನುಂಗುತ್ತದೆ, 1/4 ದಾಟುತ್ತೀರಿ. ನಮ್ಮ ನೀರಿಗೆ ಅಷ್ಟು ಸಾಕು. ಎನ್‌ಡಿ64 ಬೇಕಾಗುವುದು ಬೆಳಿಗ್ಗೆ ಒಂಬತ್ತರ ಮೇಲೆ, ಬಿಸಿಲೇರಿದಾಗ: 1/200 ಇದ್ದದ್ದು ಸುಮಾರು 1/3 ಸೆಕೆಂಡ್ ಆಗುತ್ತದೆ. ಶಟರ್ ಇಳಿಸಲೆಂದು ಎಫ್/22ಕ್ಕೆ ಹೋಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕ್ರಾಪ್ ಸೆನ್ಸರಿನಲ್ಲಿ ಎಫ್/11 ದಾಟುತ್ತಿದ್ದಂತೆ ಡಿಫ್ರಾಕ್ಷನ್ನಿನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಬಂಡೆಯ ಮೈ ಮೆತ್ತಗಾಗುತ್ತ ಹೋಗುತ್ತದೆ. ಸೆನ್ಸರಿನ ಮೇಲೆ ಕೂತ ಎರೆಮಣ್ಣಿನ ದೂಳೂ ಆಗಲೇ ಆಕಾಶದಲ್ಲಿ ಕಪ್ಪು ಚುಕ್ಕಿಯಾಗಿ ಕಾಣುವುದು.

ಪೋಲರೈಸರ್ ಬಗ್ಗೆ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಅದು ಮಾಡುವ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲಾಗುವುದಿಲ್ಲ. ಒದ್ದೆ ಗ್ರಾನೈಟ್ ಬಂಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ಫೋಟೊದಲ್ಲಿ ಆ ಜಾಗ ಖಾಲಿ ಬಿಳಿ. ಪೋಲರೈಸರ್ ತಿರುಗಿಸುತ್ತಿದ್ದಂತೆ ಹೊಳಪು ಇಳಿದು ಕಲ್ಲಿನ ಗುಲಾಬಿ, ಬೂದು ಬಣ್ಣ ಮೇಲೆ ಬರುತ್ತದೆ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡುವಾಗ ಇದರ ಪರಿಣಾಮ ಅತಿ ಹೆಚ್ಚು, ನೇರ ಮೇಲಿನಿಂದ ನೋಡಿದರೆ ಬಹುತೇಕ ಇಲ್ಲ. ಹಾಗಾಗಿ ನಿಲ್ಲುವ ಜಾಗ ಆರಿಸುವಾಗಲೇ ಇದನ್ನು ಗಮನದಲ್ಲಿಡಿ. ಇನ್ನೊಂದು ವಿಷಯ ಅಣೆಕಟ್ಟಿನ ಗೇಟು ತೆರೆದ ದಿನಗಳಲ್ಲಿ ಬೇಕಾಗುತ್ತದೆ. ಸೂರ್ಯ ಬೆನ್ನ ಹಿಂದೆ ಕೆಳಗಿದ್ದಾಗ ತುಂತುರಿನಲ್ಲಿ ಕಾಮನಬಿಲ್ಲು ಏಳುತ್ತದೆ. ಕಾಮನಬಿಲ್ಲಿನ ಬೆಳಕು ಪೋಲರೈಸ್ ಆಗಿಯೇ ಬರುವುದರಿಂದ ಫಿಲ್ಟರನ್ನು ಒಂದು ಕಡೆ ತಿರುಗಿಸಿದರೆ ಬಣ್ಣ ಗಾಢವಾಗುತ್ತದೆ, ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಅಳಿಸಿಹೋಗುತ್ತದೆ. ಬಂಡೆಯ ಹೊಳಪು ತೆಗೆಯುವ ಭರದಲ್ಲಿ ಬಿಲ್ಲನ್ನೇ ತೆಗೆದುಬಿಡಬಾರದು.

ಕಬ್ಬರಗಿಯಲ್ಲಿ ಒಮ್ಮೆ ಕುರಿ ಬಿಟ್ಟುಕೊಂಡು ಬಂದಿದ್ದ ಹಿರಿಯರೊಬ್ಬರು ಟ್ರೈಪಾಡ್ ಹತ್ತಿರ ಕೂತು ಬಹಳ ಹೊತ್ತು ನೋಡಿ, "ತಮ್ಮಾ, ಕ್ಯಾಮೆರಾಕ್ಕ ಕರಿ ಕನ್ನಡಕ ಯಾಕ ಹಾಕೀಯಪಾ?" ಎಂದು ಕೇಳಿದರು. ಫಿಲ್ಟರ್ ಬಿಚ್ಚಿ ಅವರ ಕಣ್ಣಿಗೇ ಹಿಡಿದು ತಿರುಗಿಸಿ ತೋರಿಸಿದೆ. "ಕಲ್ಲು ಈಗ ಕಾಣಾಕ ಹತ್ತೇದ ನೋಡು" ಎಂದರು. ಪೋಲರೈಸರ್ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಈಗ ನಾನೂ ಅದನ್ನೇ ಹೇಳುತ್ತೇನೆ.

ಬಾಳಿಕೆಯ ಮಾತು. ಎನ್‌ಡಿ8, ಎನ್‌ಡಿ64 ಎರಡರ ಕೋಟಿಂಗೂ ಇನ್ನೂ ಚೆನ್ನಾಗಿದೆ, ನೀರಿನ ಹನಿ ಜಾರಿಹೋಗುತ್ತದೆ. ಎನ್‌ಡಿ1000ದಲ್ಲಿ ಮಾತ್ರ ಬಣ್ಣ ಕೆಡುತ್ತದೆ, ಚಿತ್ರ ಕಂದು ಕಡೆಗೆ ವಾಲುತ್ತದೆ. ದಟ್ಟ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆದಷ್ಟು ಇನ್‌ಫ್ರಾರೆಡ್ಡನ್ನು ತಡೆಯದಿದ್ದರೆ ಹೀಗಾಗುತ್ತದೆ. ಮೊದಲೇ ಕೆಂಪಾದ ನೀರಿಗೆ ಇದು ಇನ್ನಷ್ಟು ಕೇಡು. ಪೋಲರೈಸರಿನ ತಿರುಗುವ ರಿಂಗಿನಲ್ಲಿ ದೂಳು ಸೇರಿ ಈಗ ಕರಕರ ಎನ್ನುತ್ತದೆ. ಬೇಸಿಗೆಯಲ್ಲಿ ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡರೆ ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ ತಿರುಗಿಸಿ, ಬಿಟ್ಟುಕೊಳ್ಳುತ್ತದೆ. ಒರೆಸುವ ಮೊದಲು ಬ್ಲೋವರ್‌ನಿಂದ ದೂಳು ಊದುವುದು ಕಡ್ಡಾಯ. ನಮ್ಮ ದೂಳಿನಲ್ಲಿ ಮರಳಿನ ಕಣ ಇರುತ್ತದೆ, ನೇರ ಬಟ್ಟೆ ಹಚ್ಚಿದರೆ ಗೀರು ಬೀಳುತ್ತದೆ.

ಒಂದೇ ಗಾಜಿನಲ್ಲಿ ಎಲ್ಲ ಸ್ಟಾಪೂ ಸಿಗುತ್ತದೆ ಎನ್ನುವ ವೇರಿಯಬಲ್ ಎನ್‌ಡಿಯನ್ನು ಗೆಳೆಯರಿಂದ ಪಡೆದು ಬಳಸಿದ್ದೇನೆ. ಅದು ಎರಡು ಪೋಲರೈಸರ್‌ಗಳ ಜೋಡಿ. ಕೊನೆಯವರೆಗೆ ತಿರುಗಿಸಿ ವೈಡ್ ಲೆನ್ಸಿನಲ್ಲಿ ತೆಗೆದರೆ ಆಕಾಶದಲ್ಲಿ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಬರುತ್ತದೆ. ವಿಡಿಯೊದವರಿಗೆ ಒಳ್ಳೆಯದು. ಬಂಡೆ-ಆಕಾಶ ಎರಡೂ ಇರುವ ನಮ್ಮ ಚಿತ್ರಗಳಿಗೆ ಅಲ್ಲ.

ಫಿಲ್ಟರ್ ಇಲ್ಲದವರಿಗೂ ದಾರಿ ಇದೆ. ಟ್ರೈಪಾಡ್ ಮೇಲೆ 1/30ರಲ್ಲಿ ಹದಿನಾರು ಚಿತ್ರ ತೆಗೆದು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಲೇಯರ್ ಮಾಡಿ ಸರಾಸರಿ ತೆಗೆದರೆ ಅರ್ಧ ಸೆಕೆಂಡಿನ ಚಿತ್ರಕ್ಕೆ ಹತ್ತಿರವಾದದ್ದು ಸಿಗುತ್ತದೆ. ಕೆಳಗಿನ ಲೇಯರಿನ ಒಪಾಸಿಟಿ (ಅದು ಎಷ್ಟು ದಟ್ಟವಾಗಿ ಕಾಣಬೇಕು ಎಂಬುದು) ಶೇಕಡಾ 100, ಅದರ ಮೇಲಿನದು 50, ಆಮೇಲೆ 33, 25, ಹೀಗೆ ಇಳಿಸುತ್ತ ಹೋಗಬೇಕು. ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಕೂಡ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಬಂಡೆಯ ಹೊಳಪು ಹೀಗೆ ಹೋಗುವುದಿಲ್ಲ, ಅದಕ್ಕೇ ಮೊದಲ ಖರೀದಿ ಪೋಲರೈಸರ್ ಎಂದದ್ದು.

ಮನೆಗೆ ಬಂದ ಮೇಲೆ ಫೋಟೊ ತಿದ್ದುವ ಕೆಲಸಕ್ಕೆ ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಬಳಸುತ್ತೇನೆ, ಉಚಿತವಾಗಿ ಸಿಗುತ್ತದೆ. ರಾ ಫೈಲ್ (ಸೆನ್ಸರ್ ಕಂಡದ್ದನ್ನು ತಿದ್ದದೆ ಉಳಿಸಿದ ಫೈಲ್) ಇಲ್ಲದೆ ಇಲ್ಲಿಯ ಬಿಸಿಲಿನ ಚಿತ್ರ ಸುಧಾರಿಸುವುದು ಕಷ್ಟ. ತೆಗೆಯುವಾಗಲೇ ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ನೊರೆಯ ಬಿಳುಪು ಅಂಚಿಗೆ ತಾಗದಂತೆ ಎಕ್ಸ್‌ಪೋಶರ್ ಇಳಿಸುತ್ತೇನೆ. ನೆರಳನ್ನು ಆಮೇಲೆ ಎತ್ತಬಹುದು, ಕಳೆದುಹೋದ ಬಿಳುಪು ಮರಳಿ ಬರುವುದಿಲ್ಲ. ಬಿಸಿಲಿಗೆ ಕಾದ ಸೆನ್ಸರಿನಿಂದ ಉದ್ದದ ಎಕ್ಸ್‌ಪೋಶರಿನಲ್ಲಿ ಕೆಂಪು, ನೀಲಿ ಚುಕ್ಕಿಗಳು, ಅಂದರೆ ಹಾಟ್ ಪಿಕ್ಸೆಲ್‌ಗಳು ಬರುತ್ತವೆ. ಅದಕ್ಕೆ ಡಾರ್ಕ್‌ಟೇಬಲ್‌ನಲ್ಲೇ ಬೇರೆ ಮಾಡ್ಯೂಲ್ ಇದೆ. ಕಾಂಟ್ರಾಸ್ಟ್ ಹೆಚ್ಚಿಸುವುದಿದ್ದರೆ ಮಾಸ್ಕ್ (ಬೇಕಾದ ಭಾಗ ಆರಿಸುವ ಗೆರೆ) ಎಳೆದು ಬಂಡೆಗೆ ಮಾತ್ರ ಹೆಚ್ಚಿಸಿ, ನೀರಿಗೆ ಬೇಡ.

ವೈಟ್ ಬ್ಯಾಲೆನ್ಸ್ (ಚಿತ್ರದ ಬಣ್ಣದ ಸಮತೋಲ) ವಿಷಯದಲ್ಲಿ ನನ್ನ ಹಟವೊಂದಿದೆ. ಆಟೊ ಬಿಟ್ಟರೆ ಕೆಲವೊಮ್ಮೆ ಕ್ಯಾಮೆರಾ ಕೆಂಪನ್ನು ತಪ್ಪೆಂದು ತಿಳಿದು ಇಡೀ ಚಿತ್ರವನ್ನು ನೀಲಿ ಕಡೆ ಎಳೆಯುತ್ತದೆ, ಬಂಡೆ ಸತ್ತ ಬಣ್ಣಕ್ಕೆ ತಿರುಗುತ್ತದೆ. ಡೇಲೈಟಿಗೆ ಇಟ್ಟು ಬಿಡಿ. ನೀರನ್ನು ಬೆಳ್ಳಗೆ ಮಾಡಿ ಮಲೆನಾಡಿನ ಹಾಗೆ ತೋರಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮಳೆಗಾಲದಲ್ಲಿ ಈ ಹೊಳೆ ಕೆಂಪಗೇ ಹರಿಯುತ್ತದೆ, ಅದೇ ಅದರ ಚೆಂದ. ಬಿಳಿ ನೀರೇ ಬೇಕಿದ್ದರೆ ಮಳೆ ನಿಂತು ಕೆಲವು ದಿನ ಬಿಟ್ಟು ಕಪಿಲತೀರ್ಥಕ್ಕೆ ಹೋಗಿ, ಮಣ್ಣು ಇಳಿದು ತಿಳಿಯಾಗಿರುತ್ತದೆ.

ಸಾಣಾಪುರದಲ್ಲಿ ಒಂದು ಎಚ್ಚರಿಕೆ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಬಂಡೆಗಳ ನಡುವೆ ನೀರು ಬೇಗ ಏರುತ್ತದೆ. ಹೊರಹರಿವಿನ ಸುದ್ದಿ ನೋಡದೆ ಟ್ರೈಪಾಡ್ ಹಿಡಿದು ಕೆಳಗಿಳಿಯಬೇಡಿ.

ಅಂಗಡಿಯಲ್ಲಿ ಕೊಳ್ಳುವಾಗ ಬಿಳಿ ಹಾಳೆಯ ಮೇಲೆ ಎನ್‌ಡಿ ಇಟ್ಟು ಬಣ್ಣ ವಾಲಿದೆಯೇ ನೋಡಿ. ಪೋಲರೈಸರನ್ನು ಮೊಬೈಲ್ ಪರದೆಯ ಮುಂದೆ ಹಿಡಿದು ತಿರುಗಿಸಿ, ಪರದೆ ಒಂದೇ ಸಮನೆ ಕಪ್ಪಾಗಬೇಕು. ಹಾಗೆ ಆಗದಿದ್ದರೆ ಫಿಲ್ಟರನ್ನು ಹಿಂದೆಮುಂದೆ ಮಾಡಿ ಹಿಡಿದು ನೋಡಿ, ಸರ್ಕ್ಯುಲರ್ ಪೋಲರೈಸರ್ ಒಂದು ಕಡೆಯಿಂದ ಮಾತ್ರ ಹೀಗೆ ಕಪ್ಪಾಗುತ್ತದೆ. ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೆ ಒಂದೇ ಸೆಟ್ ಕೊಂಡು ಉಳಿದವಕ್ಕೆ ರಿಂಗ್ ಹಾಕಿಕೊಳ್ಳಿ. ಹಿತ್ತಾಳೆ ರಿಂಗ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಅಲ್ಯೂಮಿನಿಯಮ್ಮಿನಷ್ಟು ಕಚ್ಚಿಕೊಳ್ಳುವುದಿಲ್ಲ.