ಪುಣೆಯ ಸವಾಯಿ: ಹೊತ್ತು ನೋಡಿ ಹೋಗಬೇಕಾದ ಉತ್ಸವ

ಹಿಂದೂಸ್ತಾನಿ ಸಂಗೀತ ಕೇಳಲೆಂದೇ ಊರು ಬಿಟ್ಟು ಹೋಗುವುದಾದರೆ ಮೊದಲು ಹೋಗಬೇಕಾದದ್ದು ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ. ಅಲ್ಲಿನವರ ಬಾಯಲ್ಲಿ ಅದು ಬರೀ ‘ಸವಾಯಿ’. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿ ಗುರುವಿನ ನೆನಪಿಗೆ ಇದನ್ನು ಶುರುಮಾಡಿದರು. 2011ರಲ್ಲಿ ಭೀಮಸೇನರು ಹೋದ ಮೇಲೆ ಅವರ ಹೆಸರೂ ಸೇರಿಕೊಂಡಿತು. ನಡೆಸುವುದು ಆರ್ಯ ಸಂಗೀತ ಪ್ರಸಾರಕ ಮಂಡಳ. ಗುರು ಧಾರವಾಡ ಸೀಮೆಯವರು, ಶಿಷ್ಯ ಗದಗಿನವರು. ಕನ್ನಡದ ಕೇಳುಗರಿಗೆ ಇದು ಪರವೂರಿನಲ್ಲಿ ನಡೆಯುವ ನಮ್ಮ ಮನೆಯ ಕಾರ್ಯದಂತೆ.

ಡಿಸೆಂಬರ್ ಎರಡನೇ ಅಥವಾ ಮೂರನೇ ವಾರ, ಬುಧವಾರದಿಂದ ಭಾನುವಾರದವರೆಗೆ ಐದು ದಿನ. ತಾರೀಖು ಪ್ರತಿ ವರ್ಷ ಹಿಂದುಮುಂದಾಗುತ್ತದೆ. 2023ರಲ್ಲಿ 13ಕ್ಕೆ ಶುರುವಾದದ್ದು 2024ರಲ್ಲಿ 18ಕ್ಕೆ ಹೋಯಿತು. ಹೋದ ವರ್ಷದ ಲೆಕ್ಕ ಹಿಡಿದು ರೈಲು ಟಿಕೆಟ್ ಮಾಡಿಸಿದರೆ ಉತ್ಸವದ ವಾರವೇ ತಪ್ಪಿಹೋದೀತು. ಮಂಡಳ ದಿನ ಘೋಷಿಸುವವರೆಗೆ ಕಾಯಿರಿ, ಘೋಷಿಸಿದ ದಿನವೇ ಕೊಠಡಿ ಹಿಡಿಯಿರಿ.

ಇನ್ನು ಮುಖ್ಯ ಮಾತು. ಹಿಂದೆ ಸವಾಯಿ ರಾತ್ರಿಯಿಡೀ ನಡೆಯುತ್ತಿತ್ತು. ಬೆಳಗಿನ ರಾಗ ಕೇಳಿ ಜನ ಮನೆಗೆ ಹೋಗುತ್ತಿದ್ದರು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು. ವರ್ಷದಲ್ಲಿ ಕೆಲವೇ ದಿನಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಸವಾಯಿಗೆ ಅದು ಸಾಮಾನ್ಯವಾಗಿ ಶನಿವಾರ ಸಿಗುತ್ತದೆ. ಹಾಗಾಗಿ ಈಗಿನ ವೇಳೆ ಹೆಚ್ಚುಕಡಿಮೆ ಹೀಗೆ: ವಾರದ ದಿನಗಳಲ್ಲಿ ಮಧ್ಯಾಹ್ನ 3ರಿಂದ ರಾತ್ರಿ 10, ಶನಿವಾರ ಸಂಜೆ 4ರಿಂದ 12, ಭಾನುವಾರ ಮಧ್ಯಾಹ್ನ 12ರಿಂದ ರಾತ್ರಿ 10.

ಹಿಂದೂಸ್ತಾನಿಯಲ್ಲಿ ಒಂದೊಂದು ರಾಗಕ್ಕೂ ಹಾಡುವ ಹೊತ್ತು ಬೇರೆ. ಅದಕ್ಕೇ ಟಿಕೆಟ್ ತೆಗೆಯುವ ಮೊದಲು ಕಲಾವಿದರ ಪಟ್ಟಿಯ ಪಕ್ಕದಲ್ಲಿ ಈ ವೇಳೆಯನ್ನು ಇಟ್ಟುಕೊಂಡು ನೋಡಿ. ಮಧ್ಯಾಹ್ನ ಮೂರೂವರೆಗೆ ಕೂರುವವರು ಭೀಮಪಲಾಸಿ, ಪಟದೀಪ್, ಮುಲ್ತಾನಿ ಹಾಡುತ್ತಾರೆ. ಸೂರ್ಯ ಇಳಿಯುವ ಹೊತ್ತಿಗೆ ಪೂರಿಯಾ, ಮಾರವಾ, ಪೂರಿಯಾ ಧನಾಶ್ರೀ. ಏಳಕ್ಕೆ ಯಮನ್, ಶುದ್ಧ ಕಲ್ಯಾಣ್. ಕೊನೆಯವರಿಗೆ ಬಿಹಾಗ್, ಬಾಗೇಶ್ರೀ. ದರ್ಬಾರಿ, ಮಾಲಕಂಸ್ ನೆಮ್ಮದಿಯಾಗಿ ಬೆಳೆಯಬೇಕಾದರೆ ಶನಿವಾರವೇ ಬೇಕು. ಬೇರೆ ದಿನ ಅಷ್ಟು ಹೊತ್ತಿಗೆ ಮೈಕು ಆರಿರುತ್ತದೆ. ನಡುಮಧ್ಯಾಹ್ನದ ಸಾರಂಗ್ ಬಗೆಗಳು ಬೇಕಾದರೆ ಭಾನುವಾರದ ಆರಂಭಕ್ಕೇ ಹೋಗಿ.

ಕುಂದಗೋಳದಲ್ಲಿ ಸವಾಯಿ ಗಂಧರ್ವರು ಭೀಮಸೇನರಿಗೆ ವರ್ಷಗಟ್ಟಲೆ ತಿದ್ದಿದ ರಾಗಗಳು ಮೂರು: ತೋಡಿ, ಮುಲ್ತಾನಿ, ಪೂರಿಯಾ. ಅವುಗಳಲ್ಲಿ ಮುಲ್ತಾನಿ, ಪೂರಿಯಾ ಎರಡಕ್ಕೆ ಇಂದಿಗೂ ಸವಾಯಿಯಲ್ಲಿ ಸರಿಯಾದ ಹೊತ್ತು ಇದೆ. ಬೆಳಗಿನ ತೋಡಿಗೆ ಈಗಿನ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಇದು ಈ ಉತ್ಸವದ ದೊಡ್ಡ ನಷ್ಟ. ನಿಯಮ ನಿಯಮವೇ, ಸುತ್ತ ಮನೆಗಳಿವೆ, ಒಪ್ಪಬೇಕು; ಆದರೂ ನಷ್ಟ ನಷ್ಟವೇ.

ಅದಕ್ಕೇ ಮೊದಲ ಕಛೇರಿಯನ್ನು ತಪ್ಪಿಸಿಕೊಳ್ಳಬೇಡಿ. ಹೆಚ್ಚಿನವರು ದೊಡ್ಡ ಹೆಸರಿಗೆಂದು ಆರರ ಮೇಲೆ ಬರುತ್ತಾರೆ. ಮೂರಕ್ಕೆ ಮಂಟಪದಲ್ಲಿ ಬೇಕಾದಷ್ಟು ಜಾಗ, ಗದ್ದಲವಿಲ್ಲ. ಸಾಮಾನ್ಯವಾಗಿ ಎಳೆಯ ಕಲಾವಿದರು ಹಾಡುವ ಸರದಿ ಇದು, ಬಿಸಿಲು ಇಳಿಯುವ ಹೊತ್ತಿನ ಮುಲ್ತಾನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಕೊನೆಯ ಕಛೇರಿಯ ಕಷ್ಟ ಬೇರೆ. ಮೊದಲಿನವರು ಹತ್ತು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ, ವೇದಿಕೆ ಬದಲಾಯಿಸಲು ಇನ್ನಷ್ಟು ಹೋದರೆ, ಅಷ್ಟೂ ಕಡಿತ ಬೀಳುವುದು ಹತ್ತಕ್ಕೆ ಮುಗಿಸಬೇಕಾದ ಹಿರಿಯರ ಪಾಲಿಗೆ. ವಿಲಂಬಿತ ಖಯಾಲ್, ಅಂದರೆ ನಿಧಾನಗತಿಯ ಗಾಯನ, ಬಿಚ್ಚಿಕೊಳ್ಳಲು ಮುಕ್ಕಾಲು ಗಂಟೆಯಾದರೂ ಬೇಕು. ಅದು ಅರ್ಧ ಗಂಟೆಗೆ ಇಳಿದರೆ ರಾಗವನ್ನು ನಿಧಾನವಾಗಿ ಬಿಡಿಸುವ ಆಲಾಪ ಮೊಟಕಾಗಿ ವೇಗದ ತಾನಗಳಷ್ಟೇ ಉಳಿಯುತ್ತವೆ. ದಿನಕ್ಕೆ ಒಬ್ಬರು ಕಲಾವಿದರನ್ನು ಕಡಿಮೆ ಮಾಡಿದರೆ ಉತ್ಸವ ಇನ್ನೂ ಮೇಲಾಗುತ್ತದೆ.

ಜಾಗ: ಮುಕುಂದನಗರದ ಮಹಾರಾಷ್ಟ್ರೀಯ ಮಂಡಳ ಕ್ರೀಡಾ ಸಂಕುಲದ ಮೈದಾನ. ಮೊದಲು ಹಳೇ ಊರಿನ ರಮಣಬಾಗ್ ಶಾಲೆಯ ಮೈದಾನದಲ್ಲಿತ್ತು. ಹಳೆಯ ಲೇಖನ ನೋಡಿ ಅಲ್ಲಿಗೆ ಆಟೋ ಹಿಡಿಯಬೇಡಿ. ಈಗಿನ ಜಾಗ ಸ್ವಾರಗೇಟಿಗೆ ಹತ್ತಿರ. ಕರ್ನಾಟಕದ ಬಸ್ಸುಗಳು ಬಹಳಷ್ಟು ಸ್ವಾರಗೇಟಿನಲ್ಲೇ ಇಳಿಸುತ್ತವೆ, 2024ರ ಸೆಪ್ಟೆಂಬರಿನಿಂದ ಅಲ್ಲಿಗೆ ಮೆಟ್ರೋ ಕೂಡ ಇದೆ. ಕೊಠಡಿಯನ್ನು ನಡೆದು ಹೋಗುವಷ್ಟು ದೂರದಲ್ಲೇ ಹಿಡಿಯಿರಿ. ಹತ್ತು ಗಂಟೆಗೆ ಸಾವಿರಾರು ಜನ ಒಟ್ಟಿಗೆ ಹೊರಬೀಳುವಾಗ ಗೇಟಿನೆದುರು ಆಟೋ ಸಿಗುವುದಿಲ್ಲ, ಸಿಕ್ಕರೂ ಮೀಟರ್ ಹಾಕುವುದಿಲ್ಲ. ಶನಿವಾರ ಮಧ್ಯರಾತ್ರಿಗೆ ಮೆಟ್ರೋ ಮುಗಿದಿರುತ್ತದೆ.

ಟಿಕೆಟಿನಲ್ಲಿ ಐದು ದಿನದ್ದು, ಒಂದೊಂದು ದಿನದ್ದು ಎರಡೂ ಬಗೆ ಇವೆ. ಕುರ್ಚಿಗೆ ಹೆಚ್ಚು ಹಣ, ನೆಲದ ಮೇಲಿನ ‘ಭಾರತೀಯ ಬೈಠಕ್’ ಎಲ್ಲಕ್ಕಿಂತ ಅಗ್ಗ. ಮೊಣಕಾಲು ಗಟ್ಟಿ ಇದ್ದರೆ ಬೈಠಕ್ಕೇ ವಾಸಿ; ನಿಜವಾದ ಕೇಳುಗರು ಅಲ್ಲಿರುತ್ತಾರೆ, ತಾಳದ ಮೊದಲ ಪೆಟ್ಟಾದ ಸಮ್ ಬಿದ್ದಾಗ ಹತ್ತು ಕೈ ಒಟ್ಟಿಗೆ ಮೇಲೇಳುವುದು ಅಲ್ಲೇ. ಆದರೆ ಏಳು ಗಂಟೆ ಬೆನ್ನಿಗೆ ಆಸರೆಯಿಲ್ಲದೆ ಕೂರುವುದು ಸಣ್ಣ ಮಾತಲ್ಲ. ಎರಡು ಬೆರಳು ದಪ್ಪದ ಒಂದು ದಿಂಬು ಕುಂಡಿಯ ಕೆಳಗೆ ಬೇಕು. ಸೊಂಟ ಮೊಣಕಾಲಿಗಿಂತ ತುಸು ಎತ್ತರದಲ್ಲಿದ್ದರೆ ಕಾಲು ಜೋಮು ಹಿಡಿಯುವುದು ಕಡಿಮೆ. ಧ್ವನಿವರ್ಧಕದ ಗೋಪುರದ ಎದುರಿಗೇ ಕೂರಬೇಡಿ, ತಬಲಾದ ಎಡಗೈ ಪೆಟ್ಟು ಗಾಯನವನ್ನು ನುಂಗಿಬಿಡುತ್ತದೆ. ವೇದಿಕೆಗೆ ನೇರವಾಗಿ, ನಡು ಭಾಗದಲ್ಲಿ, ಎರಡೂ ಕಡೆಯ ದನಿ ಸಮನಾಗಿ ಸೇರುವಲ್ಲಿ ಜಾಗ ಹಿಡಿಯಿರಿ.

ಮಧ್ಯಾಹ್ನ ಬಿಸಿಲಿದೆಯೆಂದು ತೆಳು ಅಂಗಿಯಲ್ಲಿ ಬರುವವರು ಎಂಟಕ್ಕೆ ನಡುಗುತ್ತಾರೆ. ಪುಣೆಯ ಡಿಸೆಂಬರ್ ರಾತ್ರಿ 10-12 ಡಿಗ್ರಿಗೆ ಇಳಿಯುವುದುಂಟು, ಮಂಟಪದ ಬದಿಗಳು ತೆರೆದಿರುತ್ತವೆ. ಶಾಲು, ಕಿವಿಗೆ ಮಫ್ಲರು, ಕಾಲುಚೀಲ ಬೇಕೇ ಬೇಕು. ಈ ಚಳಿ ವಾದ್ಯಗಳನ್ನೂ ಬಿಡುವುದಿಲ್ಲ, ಅದನ್ನು ಗಮನಿಸಿ ಕೇಳುವುದೇ ಒಂದು ಪಾಠ. ತಂಪಿಗೆ ತಂಬೂರಿಯ ಲೋಹದ ತಂತಿ ಬಿಗಿದು ಶ್ರುತಿ ಏರುತ್ತದೆ; ತೇವದ ಗಾಳಿಗೆ ತಬಲಾದ ಚರ್ಮ ಸಡಿಲಾಗಿ ಇಳಿಯುತ್ತದೆ. ವೇದಿಕೆಯ ದೀಪಗಳ ಕಾವು ತಂತಿಯನ್ನು ಮತ್ತೆ ಇಳಿಸುತ್ತದೆ. ಹೀಗೆ ಎರಡು ವಾದ್ಯ ಎರಡು ದಿಕ್ಕಿಗೆ ಜಾರುವುದರಿಂದ ಹಾಡಿನ ನಡುವೆಯೇ ತಬಲಾ ಬಿಗಿಸುವ ಸುತ್ತಿಗೆಯ ಸದ್ದು ಕೇಳುತ್ತದೆ. ಹಿಂದೆ ಕುಳಿತ ಶಿಷ್ಯೆ ತಂಬೂರಿ ಮೀಟುವುದನ್ನು ನಿಲ್ಲಿಸದೆ, ಎಡಗೈಯಲ್ಲಿ ಬುಡದ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾಳೆ. ಅಷ್ಟಕ್ಕೇ ಆಧಾರ ಸ್ವರವಾದ ಷಡ್ಜ ಮತ್ತೆ ಕೂಡಿಕೊಳ್ಳುತ್ತದೆ. ಕಲಾವಿದರು ಶ್ರುತಿ ಮಾಡುವ ಹತ್ತು ನಿಮಿಷವನ್ನು ಚಹಾಕ್ಕೆ ಕೊಡದೆ ಒಂದು ಸಲವಾದರೂ ಕುಳಿತು ಕೇಳಿ.

ಊಟಕ್ಕೆ ಒಳಗೇ ಮಳಿಗೆಗಳಿವೆ. ಬಟಾಟಾ ವಡಾ, ಸಾಬೂದಾಣಿ ಖಿಚಡಿ, ಝುಣಕ-ಭಾಕರಿ ಎಲ್ಲ ಬಿಸಿಬಿಸಿ, ಬೆಲೆ ಮಾತ್ರ ಹೊರಗಿಗಿಂತ ಹೆಚ್ಚು. ದೊಡ್ಡ ಕಲಾವಿದರು ಕೂರುವ ಮುನ್ನಿನ ಬಿಡುವಿನಲ್ಲಿ ಎಲ್ಲರೂ ಒಮ್ಮೆಗೇ ಏಳುತ್ತಾರೆ. ಆ ಸಾಲಿನಲ್ಲಿ ನಿಂತರೆ ಆಲಾಪ ಹೋಯಿತೆಂದೇ ತಿಳಿಯಿರಿ. ಆರಕ್ಕೆ ಮೊದಲೇ ತಿಂದು ಮುಗಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಹಾಗಿಲ್ಲ.

ಬೆಳಗಿನ ಹೊತ್ತು ಖಾಲಿಯೇ ಎಂದುಕೊಳ್ಳಬೇಡಿ. ಶಿವಾಜಿನಗರದ ಕಡೆ, ರಾಹುಲ್ ಥಿಯೇಟರ್ ಬಳಿಯ ಸವಾಯಿ ಗಂಧರ್ವ ಸ್ಮಾರಕದಲ್ಲಿ ‘ಷಡ್ಜ’, ‘ಅಂತರಂಗ’ ಎಂಬ ಕಾರ್ಯಕ್ರಮಗಳು ಉತ್ಸವದ ದಿನಗಳಲ್ಲೇ ನಡೆಯುತ್ತ ಬಂದಿವೆ. ಒಂದರಲ್ಲಿ ಸಂಗೀತಗಾರರ ಬಗೆಗಿನ ಸಾಕ್ಷ್ಯಚಿತ್ರ, ಇನ್ನೊಂದರಲ್ಲಿ ಕಲಾವಿದರೊಡನೆ ಮಾತುಕತೆ. ಸಂಜೆ ಕೇಳುವ ಕಿವಿ ಇದರಿಂದ ಹರಿತವಾಗುತ್ತದೆ.

ಹುಬ್ಬಳ್ಳಿಯಿಂದ ರಸ್ತೆಯಲ್ಲಿ ಪುಣೆ ಸುಮಾರು 430 ಕಿ.ಮೀ. ವಂದೇ ಭಾರತ್ ರೈಲು ವಾರಕ್ಕೆ ಮೂರು ದಿನ ಮಾತ್ರ, ದಿನ ಹೊಂದುವುದೇ ನೋಡಿಕೊಳ್ಳಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರದ ಮೇಲೆ ಹೋಗುತ್ತದೆ. ದಾರಿ ತುಸು ಸುತ್ತಾದರೂ ಸರಿ, ಹುಬ್ಬಳ್ಳಿ-ಬೆಳಗಾವಿ-ಮಿರಜ ಮಾರ್ಗದಲ್ಲೇ ಹೋಗುವುದು ಚೆನ್ನ. ಮಿರಜದಲ್ಲಿ ಅರ್ಧ ದಿನ ಇಳಿದರೆ ತಂಬೂರಿ ಮಾಡುವವರ ಗಲ್ಲಿ ನೋಡಬಹುದು: ಗೋಡೆಗೆ ಒರಗಿಸಿದ ಒಣ ಸೋರೆಬುರುಡೆಗಳು, ತಂತಿಗಳ ಅಡಿಯ ‘ಕುದುರೆ’ ಎಂಬ ಪಟ್ಟಿಯ ಮೇಲೆ ನೂಲೆಳೆ ಸರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಹಿಡಿಯುವ ಕೈಗಳು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಸಮಾಧಿ ಅದೇ ಊರಿನ ದರ್ಗಾದ ಆವರಣದಲ್ಲಿದೆ.

ಎರಡೇ ದಿನ ಸಿಗುವುದಾದರೆ ಶನಿವಾರ-ಭಾನುವಾರ ಆರಿಸಿಕೊಳ್ಳಿ. ಭಾನುವಾರ ರಾತ್ರಿಯ ರೈಲಿಗೆ ಮಾತ್ರ ಟಿಕೆಟ್ ಬೇಡ, ಸೋಮವಾರದ್ದಕ್ಕೆ ಮಾಡಿಸಿ. ಕೊನೆಯ ಕಲಾವಿದರು ಎದ್ದ ಮೇಲೆ ಸವಾಯಿ ಗಂಧರ್ವರದೇ ಭೈರವಿಯ ಹಳೆಯ ಧ್ವನಿಮುದ್ರಣ ಹಾಕಿ ಉತ್ಸವ ಮುಗಿಸುವ ಪದ್ಧತಿಯಿದೆ. ಕೆಲವೇ ನಿಮಿಷದ್ದು. ಬ್ಯಾಗು ಹೆಗಲಿಗೇರಿಸಿ ಗೇಟಿನತ್ತ ಓಡುವವರಿಗೆ ಅದು ಬೆನ್ನ ಹಿಂದೆ ಕೇಳುತ್ತದೆ, ಕುಳಿತವರಿಗೆ ಎದುರಿಗೆ.